ಅಗ್ಗದ ಬೋರ್ಡಿನ ಮೇಲೆ ನಾಳಿನ ಗಾಳಿ

ಚಿಕೋಂಬೆ ಸರೋವರ ಮುನ್ಸೂಚನಾ ಕಚೇರಿಯು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಒಂದೇ ಒಂದು ತಪ್ಪು ಮುನ್ಸೂಚನೆಯನ್ನೂ ಪ್ರಕಟಿಸಿಲ್ಲ. ಇದು ಕಡತದಲ್ಲಿರುವ ಸಂಗತಿ. ಆ ಕಡತವನ್ನು ಕಾಪಾಡಿಕೊಂಡು ಬಂದಿರುವವನು ನಾನು, ರವಾನೆ ಗುಮಾಸ್ತ ಫೈಸನ್ ಕಲೂವಾ.

ಈ ಸಾಧನೆಗೆ ಕಾರಣ ನಮ್ಮ ಕಾರ್ಯವಿಧಾನ. ಸಂಜೆ ನಾಲ್ಕಕ್ಕೆ ಗಾಳಿಯ ವೇಗ, ಒತ್ತಡ, ನೀರಿನ ಬಿಸಿ ಎಲ್ಲವನ್ನೂ ಅಳೆದು ಕಂಪ್ಯೂಟರಿಗೆ ಕೊಡುತ್ತೇವೆ. ಮರುದಿನ ಸಂಜೆ ನಾಲ್ಕರಿಂದ ಆಚೆಗೆ ಮಲಾವಿ ಸರೋವರದ ನಮ್ಮ ಭಾಗದಲ್ಲಿ ಗಾಳಿ ಹೇಗಿರುತ್ತದೆಂದು ಅದು ಲೆಕ್ಕ ಹಾಕುತ್ತದೆ. ಲೆಕ್ಕಕ್ಕೆ ಇಪ್ಪತ್ತೇಳು ಗಂಟೆ ಬೇಕು. ಅಂದರೆ ಉತ್ತರ ಬರುವುದು ಮರುದಿನ ಸಂಜೆ ಏಳಕ್ಕೆ. ಉಸಿಪಾ ಮೀನಿನ ದೋಣಿಗಳು ದೀಪ ಕಟ್ಟಿಕೊಂಡು ನೀರಿಗಿಳಿಯುವುದು ನಾಲ್ಕಕ್ಕೆ. ಏಳಕ್ಕೆ ಕಚೇರಿಯಲ್ಲಿ ಯಾರೂ ಇರುವುದಿಲ್ಲ. ಅದರ ಮರುಬೆಳಗ್ಗೆ ಒಂಬತ್ತಕ್ಕೆ ನಿರ್ದೇಶಕರಾದ ಸ್ಟೊನಾರ್ಡ್ ನ್ಕ್ವಾಜಿಯವರು ಬಂದು, ಕಾಗದವನ್ನು ಕೈಯಲ್ಲಿ ಹಿಡಿದು, ಕಿಟಕಿಯಿಂದ ಸರೋವರವನ್ನು ನೋಡಿ, ರಾತ್ರಿ ಏನಾಯಿತೆಂದು ಕಾವಲುಗಾರನನ್ನು ವಿಚಾರಿಸಿ, ಅಗತ್ಯವಿದ್ದಲ್ಲಿ ಪೆನ್ನಿನಿಂದ ತಿದ್ದಿ ಸಹಿ ಹಾಕುತ್ತಾರೆ. ಇದಕ್ಕೆ ಪರಿಶೀಲನೆ ಎಂದು ಹೆಸರು. ಹತ್ತಕ್ಕೆ ನಾನು ಅದನ್ನು ಮೀನುದಂಡೆಯ ಫಲಕಕ್ಕೆ ಅಂಟಿಸುತ್ತೇನೆ: “ನಿನ್ನೆ ಸಂಜೆ ಬಲವಾದ ಮ್ವೆರಾ ಗಾಳಿ ಬೀಸಲಿದೆ. ದೋಣಿಗಳು ನೀರಿಗಿಳಿಯತಕ್ಕದ್ದಲ್ಲ.”

ಒಂದು ಲೆಕ್ಕ ಮುಗಿಯದೆ ಇನ್ನೊಂದನ್ನು ಶುರುಮಾಡುವಂತಿಲ್ಲವಾದ್ದರಿಂದ ಮುನ್ಸೂಚನೆ ದಿನ ಬಿಟ್ಟು ದಿನ. ನಡುವಿನ ದಿನಗಳಲ್ಲಿ ಸರೋವರಕ್ಕೆ ಹವಾಮಾನ ಇರುವುದಿಲ್ಲ.

ಯಂತ್ರ ನಿಧಾನವಾದುದಕ್ಕೂ ಕ್ರಮಬದ್ಧವಾದ ಕಾರಣವಿದೆ. ಖರೀದಿಯ ಕಾಲದಲ್ಲಿ ಪ್ರೊಸೆಸರನ್ನು ಒಳ್ಳೆಯದೇ ತರಿಸಲಾಯಿತು, ಏಕೆಂದರೆ ಅದರ ಹೆಸರು ಅರ್ಜಿಯಲ್ಲಿತ್ತು. ಪ್ರೊಸೆಸರ್ ಕೂರುವ ಮದರ್‌ಬೋರ್ಡಿನ ಹೆಸರು ಅರ್ಜಿಯಲ್ಲಿರಲಿಲ್ಲ. ಅದು ಯಾವ ವರ್ಗಕ್ಕೆ ಸೇರಿದ್ದೆಂದು ಲಿಲಾಂಗ್ವೆಯ ಕೇಂದ್ರ ಕಚೇರಿಗೆ ಪತ್ರ ಬರೆದಾಗ, “ಯಾವುದರ ಮೇಲೆ ಇನ್ನೊಂದು ಕೂರುತ್ತದೆಯೋ ಅದು ಪೀಠೋಪಕರಣ” ಎಂಬ ಉತ್ತರ ಬಂತು. ಪೀಠೋಪಕರಣಗಳಲ್ಲಿ ಅತಿ ಅಗ್ಗದ್ದನ್ನೇ ಕೊಳ್ಳಬೇಕೆಂಬ ನಿಯಮವಿದೆ. ನಮ್ಮ ಬೋರ್ಡು ಮೂರು ಕುರ್ಚಿ ಮತ್ತು ಒಂದು ಕೋಟು ನೇತುಹಾಕುವ ಗೂಟದ ಜೊತೆ ಒಂದೇ ಗಾಡಿಯಲ್ಲಿ ಬಂತು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ, ಒಂದು ಜೂನ್ ತಿಂಗಳ ಬೆಳಗ್ಗೆ ಎಸ್ನಾತ್ ಎಂಬ ಹೆಂಗಸು ಕಚೇರಿಯ ಒಳಗೆ ಬಂದರು. ದಂಡೆಯ ಮೇಲೆ ಮೀನು ಒಣಗಿಸಿ ಮಾರುವವರು. ಸ್ವಂತ ದೋಣಿ ಇತ್ತು. ನಾನು ಅರ್ಧ ಗಂಟೆ ಹಿಂದೆ ಅಂಟಿಸಿ ಬಂದಿದ್ದ ಕಾಗದವನ್ನು ಕಿತ್ತು ಕೈಯಲ್ಲಿ ಹಿಡಿದಿದ್ದರು. ಅಂಟು ಇನ್ನೂ ಹಸಿಯಾಗಿತ್ತು.

“ಇದನ್ನ ಬರೆದವರು ಯಾರು?”

“ಕಂಪ್ಯೂಟರ್, ಮಾಯಿ. ಸಹಿ ನನ್ನದು,” ಎಂದರು ನಿರ್ದೇಶಕರು.

“ನಿನ್ನೆ ದೋಣಿ ಇಳಿಸಬೇಡಿ ಅಂತ ಇದೆ ಇದರಲ್ಲಿ.”

“ಹೌದು.”

“ನನ್ನ ಗಂಡ ನಿನ್ನೆ ಇಳಿಸಿದ.”

ನಿರ್ದೇಶಕರು ಕನ್ನಡಕ ತೆಗೆದರು. “ಹಾಗಾದ್ರೆ ಅವರಿಂದ ಸೂಚನೆಯ ಉಲ್ಲಂಘನೆ ಆಗಿದೆ, ಮಾಯಿ,” ಎಂದು ನಿಜವಾದ ಬೇಸರದಿಂದ ಹೇಳಿದರು. “ಆದರೂ ಇಂಥಾ ಸಂದರ್ಭದಲ್ಲಿ ಕಚೇರಿ ಯಾವ ಕ್ರಮಾನೂ ತಗೊಳ್ಳಲ್ಲ. ನೀವು ನಿಶ್ಚಿಂತೆಯಾಗಿ ಹೋಗಿ.”

ಆಕೆ ಹೋಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದರು. ದೋಣಿ ಸಿಕ್ಕಿತ್ತು, ತಲೆಕೆಳಗಾಗಿ. ಗಂಡ ಸಿಕ್ಕಿದ್ದು ನಾಲ್ಕು ದಿನದ ನಂತರ. ನಾನು ಚಹಾ ಕೊಂಡುಹೋಗಿ ಕೊಟ್ಟೆ. ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

“ಆ ಮಿಷನ್ನು ಒಂಚೂರು ಬೇಗ ಲೆಕ್ಕ ಹಾಕಕ್ಕಾಗಲ್ವಾ?” ಎಂದು ಕೇಳಿದರು. “ಮೂರು ಗಂಟೆ. ಬರೀ ಮೂರೇ ಗಂಟೆ ಮುಂಚೆ.”

ಮೇಲಕ್ಕೆ ಕಳಿಸುತ್ತೇನೆ ಎಂದೆ. ಕಳಿಸಿದೆ ಕೂಡ. ಅದು ಸಾರ್ವಜನಿಕ ಸಲಹೆ ಎಂದು ದಾಖಲಾಗಿ, ಲಿಲಾಂಗ್ವೆಯಲ್ಲಿ ಆರು ಮೇಜುಗಳನ್ನು ದಾಟಿ, ಹನ್ನೊಂದು ತಿಂಗಳ ತ್ವರಿತ ಪರಿಶೀಲನೆಯ ನಂತರ ಫಲ ಕೊಟ್ಟಿತು. ತಮಂಡಾ ಗೊಂಡ್ವೆ ಎಂಬ ತಂತ್ರಜ್ಞೆಯನ್ನು ನಮ್ಮಲ್ಲಿಗೆ ವರ್ಗ ಮಾಡಿದರು.

ತಮಂಡಾಳಿಗೆ ಆಗ ಇಪ್ಪತ್ತಾರು ವರ್ಷ. ಬಂದ ದಿನವೇ ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿ ಗೋಡೆಗೆ ಒರಗಿಸಿದಳು. ನಿರ್ದೇಶಕರು ತಗಡನ್ನೂ ಅವಳನ್ನೂ ನೋಡಿದರು.

“ಏನು ಮಾಡ್ತಿದೀಯಮ್ಮ?”

“ಓವರ್‌ಕ್ಲಾಕ್ ಮಾಡ್ತೀನಿ, ಅಬ್ವಾನಾ. ಕಂಪನಿಯವರು ಇಷ್ಟು ವೇಗ ಅಂತ ಗೊತ್ತು ಮಾಡಿ ಕಳಿಸಿರ್ತಾರಲ್ಲ, ಅದಕ್ಕಿಂತ ಜಾಸ್ತಿ ಓಡಿಸೋದು. ಈ ಪ್ರೊಸೆಸರ್‌ಗೆ ಓಡೋ ತಾಕತ್ತು ಬೇಕಾದಷ್ಟಿದೆ.”

“ಮತ್ತೆ ಇಷ್ಟು ದಿನ ಯಾಕೆ ಓಡಲಿಲ್ಲ?”

“ಯಾರೂ ಹೇಳಿರಲಿಲ್ಲ.”

ಈ ಉತ್ತರ ನಿರ್ದೇಶಕರಿಗೆ ಹಿಡಿಸಿತು. ಸರ್ಕಾರಿ ನೌಕರನ ಲಕ್ಷಣ ಅದರಲ್ಲಿ ಅವರಿಗೆ ಕಂಡಿರಬೇಕು.

ಆದರೆ ತೊಂದರೆ ಇದ್ದದ್ದು ಪ್ರೊಸೆಸರಿನಲ್ಲಲ್ಲ, ಪೀಠೋಪಕರಣದಲ್ಲಿ. ತಮಂಡಾ ನನ್ನನ್ನು ಕರೆದು ತೋರಿಸಿದಳು. ಬೋರ್ಡಿನ ಮೇಲೆ ಪ್ರೊಸೆಸರಿನ ಪಕ್ಕ ನಾಲ್ಕು ಪುಟ್ಟ ಕಪ್ಪು ಚೌಕಗಳು. “ಇವು ಅದಕ್ಕೆ ಕರೆಂಟ್ ಉಣಿಸೋವು, ಬಾಂಬೊ ಫೈಸನ್. ಒಳ್ಳೇ ಬೋರ್ಡಲ್ಲಿ ಹನ್ನೆರಡು ಇರ್ತವೆ, ಬಿಸಿ ಬಿಟ್ಟುಕೊಡಕ್ಕೆ ಮೇಲೊಂದು ಅಲ್ಯೂಮಿನಿಯಂ ಟೋಪಿ ಬೇರೆ. ಇಲ್ಲಿ ನಾಲ್ಕೇ, ಬೋಳುತಲೆ. ಹನ್ನೆರಡು ಜನ ಹೊರೋ ಹೊರೆ ನಾಲ್ಕು ಜನ ಹೊತ್ರೆ ಏನಾಗತ್ತೆ?”

“ಏನಾಗತ್ತೆ?”

“ಮುಟ್ಟಿ ನೋಡಿ.”

ಮುಟ್ಟಿದೆ. ಬೆರಳಿನ ಗುರುತು ಎರಡು ವಾರ ಇತ್ತು.

ಅವಳು ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದಳು. ಇಪ್ಪತ್ತನೇ ಒಂದು ಭಾಗ ಏರಿಸಿದಾಗ ಯಂತ್ರ ಸುಮ್ಮನಿತ್ತು. ಹತ್ತನೇ ಒಂದು ಭಾಗಕ್ಕೆ ಫ್ಯಾನು ಹೂಂಕರಿಸಿತು. ಐದನೇ ಒಂದು ಭಾಗಕ್ಕೆ ಬಂದಾಗ ಹನ್ನೊಂದು ಗಂಟೆ ಓಡಿ, ಪರದೆ ನೀಲಿಯಾಗಿ, ಹ್ಯಾಂಗ್ ಆಯಿತು. ಪ್ರತಿ ಸಲ ಹ್ಯಾಂಗ್ ಆದಾಗಲೂ ಲೆಕ್ಕ ಮೊದಲಿನಿಂದ. ಅವಳು ಕಾಗದದ ಮೇಲೆ ಭಾಗಾಕಾರ ಮಾಡಿ ತೋರಿಸಿದಳು: ಅವಳಿಗೆ ಬೇಕಿದ್ದದ್ದು ಆ ಐದನೇ ಒಂದು ಭಾಗವೇ. ಅಷ್ಟಾದರೆ ಇಪ್ಪತ್ತೇಳು ಗಂಟೆಯ ಕೆಲಸ ಇಪ್ಪತ್ತೆರಡೂವರೆಗೆ ಮುಗಿಯುತ್ತದೆ. ಉತ್ತರ ಮಧ್ಯಾಹ್ನ ಎರಡೂವರೆಗೆ ಕೈಯಲ್ಲಿರುತ್ತದೆ. ದೋಣಿಗಳು ಇನ್ನೂ ದಂಡೆಯಲ್ಲಿರುತ್ತವೆ.

“ತಂಪಿದ್ರೆ ಆಗತ್ತೆ,” ಎಂದು ಅವಳು ನಿರ್ದೇಶಕರಿಗೆ ಹೇಳಿದಳು. “ಕಂಪ್ಯೂಟರನ್ನ ನಿಮ್ಮ ರೂಮಲ್ಲಿ ಇಡಬಹುದಾ? ಇಡೀ ಕಚೇರೀಲಿ ಎಸಿ ಇರೋದು ಅಲ್ಲೊಂದೇ.”

ನಿರ್ದೇಶಕರು ನಿಯಮಾವಳಿಯನ್ನು ತರಿಸಿ ಓದಿದರು. ಹವಾನಿಯಂತ್ರಿತ ಕೊಠಡಿಗೆ ಅರ್ಹತೆ ಇರುವುದು ಐದನೇ ಶ್ರೇಣಿಯಿಂದ ಮೇಲಿನವರಿಗೆ. ಪೀಠೋಪಕರಣಕ್ಕೆ ಶ್ರೇಣಿಯೇ ಇಲ್ಲ. “ನಂಗೇನೂ ಅಭ್ಯಂತರ ಇಲ್ಲಮ್ಮ,” ಎಂದರು. “ಅದು ಮೊದಲು ಬಡ್ತಿ ಪಡೀಲಿ.”

ತಂಪು ಬಂದದ್ದು ದಂಡೆಯಿಂದ. ಎಸ್ನಾತ್ ಮಾಯಿ ಪ್ರತಿ ವಾರ ಬಂದು, ಬಾಗಿಲಲ್ಲಿ ನಿಂತು, “ಎಷ್ಟು ಗಂಟೆಗೆ ಬಂತು?” ಎಂದಷ್ಟೇ ಕೇಳಿ ಹೋಗುತ್ತಿದ್ದರು. ತಮಂಡಾ ಒಂದು ದಿನ ಅವರನ್ನು ಒಳಗೆ ಕರೆದು ನಾಲ್ಕು ಚೌಕಗಳನ್ನು ತೋರಿಸಿದಳು. ಮಾಯಿ ಬಗ್ಗಿ ನೋಡಿದರು.

“ಇಷ್ಟೇನಾ? ಬಿಸಿಗೆ ಕೆಡತ್ತೆ ಅಷ್ಟೇ ತಾನೇ?”

“ಅಷ್ಟೇ ಮಾಯಿ.”

“ಕೆಡದ ಹಾಗೆ ಇಡೋದು ನಮಗೆ ಗೊತ್ತಿಲ್ವಾ ಮಗಳೇ? ಹುಟ್ಟಿದಾಗಿಂದ ಮಾಡ್ತಿರೋದು ಇನ್ನೇನು?”

ಮರುದಿನದಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಮೀನಿನ ಡಬ್ಬಿ ತುಂಬ ಐಸು ಬರತೊಡಗಿತು. ಡಬ್ಬಿಯ ಹಿಂದೆ ಟೇಬಲ್ ಫ್ಯಾನು, ಮುಂದೆ ಬೋರ್ಡು. ಕಂಪ್ಯೂಟರ್ ಕೋಣೆ ಉಸಿಪಾ ವಾಸನೆ ಹೊಡೆಯತೊಡಗಿತು. ಬೆಕ್ಕುಗಳು ಹಾಜರಾತಿ ಹಾಕತೊಡಗಿದವು. ಯಂತ್ರ ಮಾತ್ರ ಇಪ್ಪತ್ತೆರಡೂವರೆ ಗಂಟೆ ಕದಲದೆ ಓಡಿತು. ಅದರಾಚೆಗೆ ಇನ್ನೊಂದೇ ಮೆಟ್ಟಿಲು ಏರಿಸಿದಾಗ ಐಸು ಇದ್ದರೂ ಹತ್ತೊಂಬತ್ತನೇ ಗಂಟೆಗೆ ನೀಲಿಯಾಯಿತು. “ಇದರ ಹಣೇಲಿ ಬರೆದಿರೋದು ಇಷ್ಟೇ,” ಎಂದು ತಮಂಡಾ ಆ ಮೆಟ್ಟಿಲನ್ನು ಇಳಿಸಿ ಕೈ ಒರೆಸಿಕೊಂಡಳು.

ಮೊದಲ ಸಲ ಕಾಗದ ಎರಡೂವರೆಗೆ ಹೊರಬಂದ ದಿನ ಕಚೇರಿಯಲ್ಲಿ ಗೊಂದಲವಾಯಿತು. ಅವತ್ತೇ ಸಂಜೆ ಐದರ ಮೇಲೆ ಬಲವಾದ ಮ್ವೆರಾ ಎಂದು ಅದರಲ್ಲಿತ್ತು. ಹೊರಗೆ ನೋಡಿದರೆ ಸರೋವರ ಹೊಳೆಯುವ ತಟ್ಟೆ.

“ಇದು ಯಾವತ್ತಿಂದು?” ನಿರ್ದೇಶಕರು ಕೇಳಿದರು.

“ಇವತ್ತಿಂದು, ಅಬ್ವಾನಾ.”

“ಇವತ್ತಿಂದು ಇವತ್ತೇ ಹೇಗೆ ಬಂತು?”

“ಬೇಗ ಮುಗೀತು.”

“ಮತ್ತೆ ಪರಿಶೀಲನೆ ಯಾವುದರ ಜೊತೆ ಮಾಡ್ಲಿ? ಇನ್ನೂ ಏನೂ ಆಗೇ ಇಲ್ವಲ್ಲ!” ಅವರು ಕಾಗದವನ್ನು ಖಾನೆಯಲ್ಲಿಟ್ಟು ಬೀಗ ಹಾಕಿದರು. “ಆಗ್ಲಿ. ಆದ ಮೇಲೆ ನಾಳೆ ಒಂಬತ್ತಕ್ಕೆ ನೋಡೋಣ.”

ತಮಂಡಾ ಹೊರಗೆ ಹೋದಳು. ಅವಳು ದಂಡೆಯ ಕಡೆ ಓಡಿದ್ದನ್ನು ನಾನು ನೋಡಿದೆ. ನೋಡಲಿಲ್ಲವೆಂದು ಆಮೇಲೆ ಬರೆದುಕೊಟ್ಟೆ.

ದಂಡೆಯಲ್ಲಿ ನಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಮಾಯಿಯ ದೋಣಿಯನ್ನು ಈಗ ನಡೆಸುತ್ತಿದ್ದವನು ಅವರ ತಮ್ಮ ಯೊಸೊಫತಿ. ದೀಪ ಕಟ್ಟಿ, ಬಲೆ ಮಡಿಸಿಟ್ಟು ಹೊರಡುವುದರಲ್ಲಿದ್ದ. ಮಾಯಿ ಮೊಣಕಾಲುದ್ದ ನೀರಿಗಿಳಿದು ದೋಣಿಯ ಮೂತಿ ಹಿಡಿದು ನಿಂತರು.

“ಅಕ್ಕಾ, ಬಿಡು. ಇಂಥಾ ಸಂಜೆ ಬಿಟ್ಟು ಮನೇಲಿ ಕೂತು ನ್ಸೀಮಾ ಮುದ್ದೆ ಕಟ್ಟಲಾ?”

“ಕಟ್ಟು.”

“ಜನ ನಗ್ತಾರೆ.”

“ನಗಲಿ. ಹೋದ ವರ್ಷ ಯಾರೂ ನಗಲಿಲ್ಲ, ನೆನಪಿದೆಯಾ?”

ಯೊಸೊಫತಿ ದೋಣಿಯಿಂದ ಇಳಿದ. ಅವನು ಇಳಿದದ್ದನ್ನು ನೋಡಿ ಪಕ್ಕದವನು ಇಳಿದ. ನಲವತ್ತೆರಡು ದೋಣಿಗಳು ದಂಡೆಯಲ್ಲೇ ಉಳಿದವು, ಬೈಗುಳಗಳ ಸಮೇತ. ಐದು ಗಂಟೆ ಹತ್ತು ನಿಮಿಷಕ್ಕೆ ಮ್ವೆರಾ ಬಂತು. ಮೀನು ಒಣಗಿಸುವ ಅಟ್ಟಣಿಗೆಗಳು ಹಾರಿ ರಸ್ತೆಗೆ ಬಿದ್ದವು. ಪ್ರಾಥಮಿಕ ಶಾಲೆಯ ಮೂರು ತಗಡು ಇವತ್ತಿಗೂ ಸಿಕ್ಕಿಲ್ಲ. ಜನರಲ್ಲಿ ಒಬ್ಬರೂ ಕಮ್ಮಿಯಾಗಲಿಲ್ಲ.

ಮರುದಿನ ಒಂಬತ್ತಕ್ಕೆ ನಿರ್ದೇಶಕರು ಪರಿಶೀಲನೆ ನಡೆಸಿದರು. ಒಂದೂ ದೋಣಿ ಮುಳುಗದಿರುವುದರಿಂದ ಗಾಳಿ ಬಲವಾಗಿತ್ತೆನ್ನಲು ಆಧಾರವಿಲ್ಲವೆಂದು ಷರಾ ಬರೆದು, “ಬಲವಾದ” ಎಂಬುದನ್ನು “ಸಾಧಾರಣ” ಎಂದು ತಿದ್ದಿ ಸಹಿ ಹಾಕಿದರು. ನಂತರ, ಪರಿಶೀಲನೆಗೆ ಮುಂಚೆ ಮುನ್ಸೂಚನೆ ಸೋರಿಕೆಯಾದ ಬಗ್ಗೆ ಲಿಲಾಂಗ್ವೆಗೆ ವರದಿ ಮಾಡಿದರು.

ವಿಚಾರಣಾ ಸಮಿತಿ ಎರಡು ಜೀಪಿನಲ್ಲಿ ಬಂತು. ಅಧ್ಯಕ್ಷರು ಗ್ರೆಶಮ್ ನ್ಯಾಸುಲು ಎಂಬ ಹಿರಿಯರು, ಬಹಳ ಸೌಮ್ಯ. ಸಮಿತಿಯು ಮೂರು ದಿನ ಸರೋವರದ ಪರಿಸ್ಥಿತಿಯನ್ನು ಚಾಂಬೊ ಮೀನಿನ ಮೂಲಕ ಅಧ್ಯಯನ ಮಾಡಿತು. ನಾಲ್ಕನೇ ದಿನ ತಮಂಡಾಳನ್ನು ಕರೆದರು.

“ಈ ಓವರ್‌ಕ್ಲಾಕಿಂಗ್‌ಗೆ ಮಿತಿ ಏನಾದ್ರೂ ಇದೆಯೇನಮ್ಮ?”

“ಐದನೇ ಒಂದು ಭಾಗ, ಸರ್. ಅದರ ಮೇಲೆ ಬೋರ್ಡು ತಡೆಯಲ್ಲ.”

“ಅದಲ್ಲ. ಅಧಿಕಾರದ ಮಿತಿ. ಯಾವ ಶ್ರೇಣಿಯ ಅಧಿಕಾರಿ ಎಷ್ಟು ಏರಿಸಬಹುದು?”

“ಅದು ಅಧಿಕಾರಿನ ಕೇಳಲ್ಲ ಸರ್. ಬಿಸಿಯಾದ್ರೆ ನಿಂತುಹೋಗತ್ತೆ.”

ಅಧ್ಯಕ್ಷರು ಇದನ್ನು ಯಂತ್ರದ ಅಶಿಸ್ತು ಎಂದು ಬರೆದುಕೊಂಡರು. ಆದರೆ ಅವರು ನ್ಯಾಯವಂತರು. ಯಂತ್ರ ವೇಗವಾದುದನ್ನು ಸಾಧನೆಯೆಂದೇ ಪರಿಗಣಿಸಿದರು, ಏಕೆಂದರೆ ವಾರ್ಷಿಕ ವರದಿಯಲ್ಲಿ ವೇಗಕ್ಕೆಂದೇ ಒಂದು ಕಲಂ ಇತ್ತು ಮತ್ತು ಅದು ಹಲವು ವರ್ಷಗಳಿಂದ ಖಾಲಿಯಿತ್ತು. ತಿಂಗಳೊಳಗೆ ಆದೇಶ ಬಂತು:

“ಚಿಕೋಂಬೆ ಕಚೇರಿಯ ಯಂತ್ರವನ್ನು ಕಂಪನಿ ನಿಗದಿಪಡಿಸಿದ ವೇಗಕ್ಕಿಂತ ಐದನೇ ಒಂದು ಭಾಗ ಹೆಚ್ಚಾಗಿ ಓಡಿಸತಕ್ಕದ್ದು. ತತ್ಫಲವಾಗಿ ಬೇಗನೆ ಲಭ್ಯವಾಗುವ ಮುನ್ಸೂಚನೆಯನ್ನು ಒಡನೆಯೇ ಲಕೋಟೆಯಲ್ಲಿಟ್ಟು ಮೊಹರು ಮಾಡಿ ನಿರ್ದೇಶಕರ ಬೀರುವಿನಲ್ಲಿ ಭದ್ರಪಡಿಸತಕ್ಕದ್ದು. ಮರುದಿನ ಪರಿಶೀಲನೆಯ ಹೊತ್ತಿಗೆ ತೆರೆಯತಕ್ಕದ್ದು. ಮುನ್ಸೂಚನೆಯು ಯಾವ ಕಾರಣಕ್ಕೂ ಹವಾಮಾನವನ್ನು ಹಿಂದಿಕ್ಕತಕ್ಕದ್ದಲ್ಲ.”

ತಮಂಡಾಳಿಗೆ ಎಚ್ಚರಿಕೆಯ ಪತ್ರವನ್ನೂ ಪ್ರಶಂಸಾ ಪತ್ರವನ್ನೂ ಒಂದೇ ಕವರಿನಲ್ಲಿ ಕಳಿಸಿದ್ದರು. ಎರಡನ್ನೂ ಓದಿ, ಐಸಿನ ಡಬ್ಬಿಯ ಕೆಳಗೆ ಒಸರುವ ನೀರಿಗೆ ಹಾಸಿದಳು.

ಹೀಗೆ ಮುನ್ಸೂಚನೆ ಈಗ ಪ್ರತಿದಿನ, ಸರಿಯಾದ ಹೊತ್ತಿಗೆ ತಯಾರಾಗುತ್ತಿತ್ತು, ಮತ್ತು ಹದಿನೆಂಟೂವರೆ ಗಂಟೆ ಬೀರುವಿನಲ್ಲಿರುತ್ತಿತ್ತು. ಕಂಪ್ಯೂಟರ್ ಕೋಣೆಯಿಂದ ಬೀರುವಿಗೆ ಲಕೋಟೆ ಒಯ್ಯುವ ಹೊಣೆ ನನ್ನದು. ನಡುವೆ ಅಂಗಳ ದಾಟಬೇಕು. ಅಂಗಳಕ್ಕೆ ಬೇಲಿ ಇದೆ. ಬೇಲಿಯಾಚೆ ದಂಡೆಯ ದಾರಿ.

ಮಾಯಿ ಬೇಲಿಯ ಬಳಿ ನಿಲ್ಲತೊಡಗಿದರು.

“ಏನು ಬರೆದಿದೆ ಅದರಲ್ಲಿ, ಅಣ್ಣಾ?”

“ಹೇಳೋ ಹಾಗಿಲ್ಲ ಮಾಯಿ. ಮೊಹರಾಗಿದೆ.”

“ಮೊಹರು ಕಾಣ್ತಿದೆ. ಎಷ್ಟು ಹಾಳೆ ಇದೆ?”

ಹಾಳೆಗಳ ಸಂಖ್ಯೆ ಹೇಳಬಾರದೆಂದು ಆದೇಶದಲ್ಲಿರಲಿಲ್ಲ. “ಒಂದು,” ಎಂದೆ.

ಅವರು ಮರುದಿನವೂ ಕೇಳಿದರು, ಅದರ ಮರುದಿನವೂ. ಏಳನೇ ದಿನ ನಾನು “ಮೂರು” ಎಂದೆ. ಬಿರುಗಾಳಿ ಎಚ್ಚರಿಕೆ ಇದ್ದರೆ ಅದಕ್ಕೆ ಎರಡು ಅನುಬಂಧಗಳನ್ನು ಲಗತ್ತಿಸುವುದು ಕಡ್ಡಾಯ: ಒಂದು ಆಂಗ್ಲದಲ್ಲಿ, ಒಂದು ಚಿಚೇವಾದಲ್ಲಿ. ಮಾಯಿ ನನ್ನ ಮುಖ ನೋಡಿದರು. ನಾನು ಲಕೋಟೆ ನೋಡಿದೆ. ಅವತ್ತು ದೋಣಿಗಳು ಇಳಿಯಲಿಲ್ಲ, ಮತ್ತು ಅವತ್ತು ಗಾಳಿ ಬಂತು.

ಆಮೇಲೆ ಕೇಳುವ ಅಗತ್ಯವೂ ಉಳಿಯಲಿಲ್ಲ. ದಪ್ಪ ದೂರದಿಂದಲೇ ಕಾಣುತ್ತದೆ. ಮಧ್ಯಾಹ್ನ ಎರಡೂಕಾಲಿಗೇ ಬೇಲಿಯುದ್ದಕ್ಕೂ ಇನ್ನೂರು ಜನ ಸೇರುತ್ತಿದ್ದರು. ನಾನು ಎರಡೂವರೆಗೆ ಅಂಗಳ ದಾಟುತ್ತಿದ್ದೆ. ತೆಳ್ಳಗಿದ್ದರೆ ಜನ ದೋಣಿಗಳ ಕಡೆ ನಡೆಯುತ್ತಿದ್ದರು. ದಪ್ಪಗಿದ್ದರೆ ಹಗ್ಗ ಬಿಗಿಯುತ್ತಿದ್ದರು. “ಬಾಂಬೊ ಫೈಸನ್, ಒಂಚೂರು ಅಡ್ಡಕ್ಕೆ ಹಿಡೀರಿ, ಬಿಸಿಲು ಹೊಡೀತಿದೆ,” ಎಂದು ಯೊಸೊಫತಿ ಕೂಗುತ್ತಿದ್ದ. ಮೊಹರಿಗೆ ಧಕ್ಕೆಯಾಗದ ಕಾರಣ ನಾನು ಅಡ್ಡಕ್ಕೆ ಹಿಡಿಯುತ್ತಿದ್ದೆ. ಆ ಋತುವಿನಲ್ಲಿ ಐದು ಸಲ ಮ್ವೆರಾ ಬೀಸಿತು. ದಂಡೆಯಲ್ಲಿ ಒಂದೂ ಸಾವಾಗಲಿಲ್ಲ.

ನಿರ್ದೇಶಕರು ಈ ಜನಸಂದಣಿಯನ್ನು ತಮ್ಮ ಕಿಟಕಿಯಿಂದ ನೋಡಿದರು. “ಜನಕ್ಕೆ ಕಚೇರಿ ಮೇಲೆ ಎಂಥಾ ಗೌರವ ನೋಡು ಫೈಸನ್,” ಎಂದರು, ಕಣ್ಣು ತೇವ ಮಾಡಿಕೊಂಡು. ಬೇಲಿಯ ಬಳಿ ನೆರಳಿಗೆ ಚಪ್ಪರ ಹಾಕಿಸಿದರು. ನನಗೆ ಬಿಳಿ ಕೈಗವಸುಗಳನ್ನು ಕೊಡಿಸಿದರು. ಲಕೋಟೆ ಒಯ್ಯುವ ಕ್ರಮವನ್ನು ನೋಡಲು ಲಿಲಾಂಗ್ವೆಯಿಂದ ನ್ಯಾಸುಲು ಅವರನ್ನೂ ಅವರ ಜೊತೆ ಹನ್ನೆರಡು ಅತಿಥಿಗಳನ್ನೂ ಆಹ್ವಾನಿಸಿದರು.

ಅತಿಥಿಗಳು ಬಂದ ದಿನ ಅಕ್ಟೋಬರಿನ ಸೆಕೆ. ಬೆಳಿಗ್ಗೆಯ ಐಸು ಬಂದು ಬಾಗಿಲಲ್ಲಿ ಇಳಿಯುತ್ತಿದ್ದಂತೆ ನಿರ್ದೇಶಕರು ಅದನ್ನು ಚಪ್ಪರಕ್ಕೆ ಕಳಿಸಿದರು.

“ಅಬ್ವಾನಾ, ಅದು ಯಂತ್ರಕ್ಕೆ!” ತಮಂಡಾ ಹಿಂದೆಯೇ ಹೋದಳು.

“ಅತಿಥಿಗಳ ಬಿಯರು ಬೆಚ್ಚಗಾಗಿದೆಯಮ್ಮ. ಒಂದು ದಿನ ಯಂತ್ರ ಸಹಕರಿಸಲಿ. ಅದೂ ಸರ್ಕಾರದ್ದೇ ತಾನೇ?”

ಅವಳು ಒದ್ದೆ ಬಟ್ಟೆ ತಂದು ಸುತ್ತ ಕಟ್ಟಿದಳು, ರಟ್ಟು ಹಿಡಿದು ಬೀಸಿದಳು, ಕಿಟಕಿ ತೆಗೆದಳು, ಹಾಕಿದಳು. ಹನ್ನೆರಡು ಗಂಟೆಗೆ, ಲೆಕ್ಕದ ಇಪ್ಪತ್ತನೇ ತಾಸಿನಲ್ಲಿ, ಪರದೆ ನೀಲಿಯಾಯಿತು. ಅವಳು ನೆಲದ ಮೇಲೆ ಕೂತುಬಿಟ್ಟಳು.

ಎರಡಕ್ಕೆ ನಿರ್ದೇಶಕರು ಒಳಗೆ ಬಂದು ವಿಷಯ ಕೇಳಿದರು. “ಲಕೋಟೆ ಇದೆ ತಾನೇ?”

“ಲಕೋಟೆ ಇದೆ. ಒಳಗೆ ಹಾಕಕ್ಕೆ ಏನೂ ಇಲ್ಲ.”

“ಖಾಲಿ ಹಾಳೆ ಒಂದು ಹಾಕಿ. ಅತಿಥಿಗಳು ನೋಡಕ್ಕೆ ಬಂದಿರೋದು ಒಯ್ಯೋದನ್ನ, ಓದೋದನ್ನಲ್ಲ.” ಅವರು ಟೈ ಸರಿಮಾಡಿಕೊಂಡು ಹೋದರು.

ನಾವಿಬ್ಬರೇ ಉಳಿದೆವು. ನಾನು ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಒಂದು ಆದೇಶವನ್ನೂ ಮೀರಿದವನಲ್ಲ. ಒಂದು ಖಾಲಿ ಹಾಳೆಯನ್ನು ತೆಗೆದು ಮಡಿಸಿ ಒಳಗಿಟ್ಟೆ. ಲಕೋಟೆ ತೆಳ್ಳಗಿತ್ತು. ಇಷ್ಟು ತೆಳ್ಳಗೆ ಅದು ಯಾವತ್ತೂ ಇರಲಿಲ್ಲ.

“ಇದನ್ನ ನೋಡಿದ್ರೆ ಅವರು ಇಳಿಸ್ತಾರೆ,” ಎಂದಳು ತಮಂಡಾ.

“ಗಾಳಿ ಇಲ್ಲದೇನೂ ಇರಬಹುದು.”

“ಇರಬಹುದು. ನಂಗೆ ಗೊತ್ತಿಲ್ಲ. ನಿಮಗೆ ಗೊತ್ತಾ?”

ನನಗೆ ಮಾಯಿ ಹಿಡಿದಿದ್ದ ಚಹಾ ಲೋಟ ಕಣ್ಣಿಗೆ ಕಟ್ಟಿತು. ಲಕೋಟೆಯನ್ನು ಮೊಹರು ಮಾಡದೆ ಕೆಳಗಿಟ್ಟೆ ಎಂದು ಇಲ್ಲಿ ದಾಖಲಿಸುತ್ತೇನೆ, ಬೇರೆಲ್ಲೂ ದಾಖಲಾಗಿಲ್ಲ. “ಖಾಲಿ ಹಾಳೆ ಒಂದು ಹಾಕಿ ಅಂದ್ರು,” ಎಂದೆ ನಿಧಾನವಾಗಿ. “ಬೇರೇನೂ ಹಾಕಬೇಡಿ ಅನ್ನಲಿಲ್ಲ.”

ತಮಂಡಾ ಎದ್ದು ಸುತ್ತ ನೋಡಿದಳು. ಕಂಪ್ಯೂಟರಿನ ರಟ್ಟಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಅದರ ತಳದಿಂದ ಮದರ್‌ಬೋರ್ಡಿನ ಜೊತೆ ಬಂದಿದ್ದ ಕೈಪಿಡಿಯನ್ನು ತೆಗೆದಳು. ಹದಿನೆಂಟು ಭಾಷೆಗಳಲ್ಲಿತ್ತು, ಇಟ್ಟಿಗೆಯಷ್ಟು ದಪ್ಪ. ಒಳಗೆ ತುರುಕುವಾಗ ಲಕೋಟೆಯ ಒಂದು ಮೂಲೆ ಹರಿಯಿತು. ಮೊಹರನ್ನು ಎರಡು ಕಡೆ ಹಾಕಬೇಕಾಯಿತು.

ಎರಡೂವರೆಗೆ ನಾನು ಬಿಳಿ ಕೈಗವಸು ತೊಟ್ಟು ಅಂಗಳಕ್ಕೆ ಇಳಿದೆ. ಬೇಲಿಯುದ್ದಕ್ಕೂ ಮಾತು ನಿಂತಿತು. ಇಷ್ಟು ದಪ್ಪದ ಲಕೋಟೆಯನ್ನು ಯಾರೂ ಕಂಡಿರಲಿಲ್ಲ. “ಅಯ್ಯೋ ದೇವರೇ,” ಎಂದಿತು ಒಂದು ಮುದುಕಿಯ ಧ್ವನಿ. ಆಮೇಲೆ ಎಲ್ಲರೂ ಒಟ್ಟಿಗೆ ಓಡಿದರು. ದೋಣಿಗಳನ್ನು ದಂಡೆಗಲ್ಲ, ರಸ್ತೆ ದಾಟಿಸಿ ಮಸೀದಿಯ ಅಂಗಳದವರೆಗೆ ಎಳೆದರು. ಹೆಂಗಸರು ಒಣಮೀನನ್ನು ಚಾಪೆ ಸಮೇತ ಸುತ್ತಿ ಹೊತ್ತರು. ಶಾಲೆಯ ಗಂಟೆ ಬಾರಿಸಿ ಮಕ್ಕಳನ್ನು ಬಿಟ್ಟರು. ಚಪ್ಪರದ ಕಂಬಗಳನ್ನು ಯಾರೋ ಮುಂಜಾಗ್ರತೆಗಾಗಿ ಕಿತ್ತರು. ಅತಿಥಿಗಳು ಅದರ ಕೆಳಗೇ ಇದ್ದರು. ನ್ಯಾಸುಲು ಅವರು ಅರ್ಧ ಬಾಟಲಿ ಬಿಯರನ್ನು ಮೇಜಿನ ಮೇಲೆ ಬಿಟ್ಟು, ಆಳವಾಗಿ ಪ್ರಭಾವಿತರಾಗಿ, ಜೀಪು ಹತ್ತಿದರು.

ಆ ಸಂಜೆ ಸರೋವರದ ಮೇಲೆ ಒಂದು ಅಲೆಯೂ ಏಳಲಿಲ್ಲ.

ಆರು ಗಂಟೆಗೆ ಮಾಯಿ ನನ್ನ ಮನೆಯ ಮುಂದೆ ಬಂದು ನಿಂತರು. ಇಡೀ ದಂಡೆಗೆ ಒಂದು ದಿನದ ಮೀನು ಹೋಗಿತ್ತು. ಯೊಸೊಫತಿ ಹಿಂದೆ ಕೈಕಟ್ಟಿ ನಿಂತಿದ್ದ.

“ಏನಿತ್ತು ಅದರೊಳಗೆ?” ಮಾಯಿ ಕೇಳಿದರು.

ಮೊಹರು ಇನ್ನೂ ತೆರೆದಿರಲಿಲ್ಲ. ಆದರೂ ಹೇಳಿದೆ: ಐಸು, ಬಿಯರು, ನೀಲಿ ಪರದೆ, ಕೈಪಿಡಿ.

“ಅಂದ್ರೆ ನಿಮಗೇ ಗೊತ್ತಿರಲಿಲ್ಲ,” ಎಂದ ಯೊಸೊಫತಿ. “ಗೊತ್ತಿಲ್ದೆ ನಮ್ಮ ಹೊಟ್ಟೆ ಮೇಲೆ ಹೊಡೆದ್ರಿ.”

ಮಾಯಿ ಅವನ ತೋಳಿನ ಮೇಲೆ ಕೈಯಿಟ್ಟರು. “ಗೊತ್ತಿಲ್ಲ ಅನ್ನೋದನ್ನ ಇಷ್ಟು ದಪ್ಪಗೆ ಯಾರೂ ನನಗೆ ಹೇಳಿರಲಿಲ್ಲ ಅಣ್ಣಾ,” ಎಂದರು ನನಗೆ. “ಹೋಗ್ಲಿ ಬಿಡು. ನಾಳೆ ಐಸನ್ನ ನಾನೇ ಒಳಗೆ ತಂದಿಡ್ತೀನಿ. ನೋಡ್ತೀನಿ ಯಾರು ಎತ್ತುತಾರೆ ಅಂತ.”

ಮರುದಿನ ಒಂಬತ್ತಕ್ಕೆ ನಿರ್ದೇಶಕರು ನಮ್ಮಿಬ್ಬರ ಎದುರಿಗೆ ಮೊಹರು ಒಡೆದರು. ಕೈಪಿಡಿ ಮೇಜಿನ ಮೇಲೆ ಬಿತ್ತು. ಅವರು ಅದನ್ನು ಕೈಗೆತ್ತಿಕೊಂಡರು. ಸಮಿತಿಯ ಅಧ್ಯಕ್ಷರು ಕಣ್ಣಾರೆ ಕಂಡು ಮೆಚ್ಚಿಹೋದ ಲಕೋಟೆ. ಅದನ್ನು ರದ್ದು ಮಾಡುವಂತಿರಲಿಲ್ಲ. ಪುಟ ತಿರುವುತ್ತಾ ಹೋಗಿ, ಒಂದು ಕಡೆ ನಿಂತು, ಗಟ್ಟಿಯಾಗಿ ಓದಿದರು: “ಅತಿಯಾದ ಶಾಖ, ತೇವ ಹಾಗೂ ಹಠಾತ್ ಆಘಾತಗಳಿಂದ ದೂರವಿಡಿ.” ಕಿಟಕಿಯಿಂದ ಸರೋವರವನ್ನು ನೋಡಿದರು. ಕಾವಲುಗಾರನನ್ನು ಕರೆದರು.

“ನಿನ್ನೆ ದೋಣಿಗಳಿಗೆ ಆಘಾತ ಏನಾದ್ರೂ ಆಯ್ತಾ?”

“ಇಲ್ಲ ಅಬ್ವಾನಾ.”

“ತೇವ?”

“ಒಣಗಿದ್ವು. ಮಸೀದಿ ಹತ್ರ.”

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು, ತಿದ್ದುಪಡಿಯಿಲ್ಲದೆ ಸಹಿ ಹಾಕಿದರು. ಹತ್ತಕ್ಕೆ ನಾನು ಆ ಪುಟವನ್ನು ದಂಡೆಯ ಫಲಕಕ್ಕೆ ಅಂಟಿಸಿದೆ. ಜನ ಓದಿದರು. “ದೂರ ಇಡಿ ಅಂದಿದಾರೆ. ಇಟ್ವಲ್ಲ,” ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ.

ಲಿಲಾಂಗ್ವೆಯಿಂದ ಬಂದ ಸುತ್ತೋಲೆಯು ನಮ್ಮ ಕ್ರಮವನ್ನು ಮಾದರಿಯೆಂದು ಸಾರಿತು. ಯಂತ್ರ ಸ್ಥಗಿತಗೊಂಡ ದಿನಗಳಲ್ಲಿ ಸರೋವರದ ಎಲ್ಲ ಕಚೇರಿಗಳೂ ಲಕೋಟೆಯಲ್ಲಿ ಸದರಿ ಕೈಪಿಡಿಯನ್ನೇ ಇಡತಕ್ಕದ್ದು. ಇದಕ್ಕಾಗಿ ನಲವತ್ತು ಕೈಪಿಡಿಗಳಿಗೆ ಬೇಡಿಕೆ ಕಳಿಸಲಾಯಿತು. ಬೋರ್ಡಿಲ್ಲದೆ ಬರೀ ಕೈಪಿಡಿ ಮಾರುವುದಿಲ್ಲವೆಂದು ಅಂಗಡಿಯವನು ತಿಳಿಸಿದ್ದರಿಂದ ನಲವತ್ತು ಮದರ್‌ಬೋರ್ಡುಗಳನ್ನೂ ತರಿಸಲಾಯಿತು. ಈ ಸಲ ಅವನು ದುಬಾರಿಯವನ್ನೇ ಕೊಟ್ಟಿದ್ದ. ಅವುಗಳ ಕೈಪಿಡಿ ಇನ್ನೂ ದಪ್ಪ. ಕೈಪಿಡಿಗಳನ್ನು ತೆಗೆದುಕೊಂಡು ಬೋರ್ಡುಗಳನ್ನು ಉಗ್ರಾಣದಲ್ಲಿ ಪೇರಿಸಿದೆವು.

ತಮಂಡಾ ಒಂದನ್ನು ಕೈಯಲ್ಲಿ ಹಿಡಿದು ಎಣಿಸಿದಳು. ಹನ್ನೆರಡು ಚೌಕಗಳು, ಮೇಲೆ ಅಲ್ಯೂಮಿನಿಯಂ ಟೋಪಿ.

“ಅಬ್ವಾನಾ, ಇದೊಂದನ್ನ ನಮ್ಮ ಕಂಪ್ಯೂಟರಿಗೆ ಹಾಕ್ಲಾ? ಐಸೇ ಬೇಡ. ಹ್ಯಾಂಗೂ ಆಗಲ್ಲ.”

ನಿರ್ದೇಶಕರು ದಾಸ್ತಾನು ಪುಸ್ತಕ ತರಿಸಿ ನೋಡಿದರು. “ಇದು ಕೈಪಿಡಿಯ ಪ್ಯಾಕಿಂಗ್ ಅಂತ ದಾಖಲಾಗಿದೆಯಮ್ಮ,” ಎಂದರು ಮೃದುವಾಗಿ. “ಪ್ಯಾಕಿಂಗನ್ನ ಕಂಪ್ಯೂಟರ್ ಒಳಗೆ ಹಾಕಕ್ಕಾಗತ್ತಾ? ನೀನೇ ಹೇಳು.”

ಅವಳು ನನ್ನನ್ನು ನೋಡಿದಳು. ನಾನು ದಾಸ್ತಾನು ಪುಸ್ತಕ ನೋಡಿದೆ, ಅಕ್ಷರ ನನ್ನದೇ.

“ಆಗಲ್ಲ, ಅಬ್ವಾನಾ,” ಎಂದಳು.

ಬೋರ್ಡನ್ನು ಪೇರಿಗೆ ವಾಪಸ್ಸಿಟ್ಟು ಬಂದು, ಮಾಯಿಯ ಡಬ್ಬಿಯಿಂದ ಐಸು ತುಂಬಿ, ಫ್ಯಾನಿನ ಮೂತಿಯನ್ನು ಸರಿಮಾಡಿದಳು. ಎರಡೂವರೆಗೆ ನಾನು ಅಂಗಳ ದಾಟಿದೆ. ಲಕೋಟೆ ತೆಳ್ಳಗಿತ್ತು. ದೋಣಿಗಳು ಹೊರಟವು.